ಅಪ್ಪನ ಹೆಸರು ಬರೀ ಅನ್ನೋ ಕಾನೂನು ಯಾರದು?



ಹಾಸ್ಟೆಲ್ ಅರ್ಜಿ ತುಂಬುವಾಗ ಪೆನ್ನು ಎಲ್ಲಿ ನಿಲ್ಲುತ್ತದೆ ಅನ್ನೋದನ್ನ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹುಡುಗರಿಗೆ ಬಿಡಿಸಿ ಹೇಳಬೇಕಿಲ್ಲ. 'ತಂದೆಯ ಹೆಸರು'. ನಮ್ಮಲ್ಲಿ ಎಷ್ಟೋ ಮಂದಿ ಅಲ್ಲಿ ಸೋದರಮಾವನ ಹೆಸರು ಬರೆದಿದ್ದೇವೆ, ಕೆಲವರು ದೇವರ ಹೆಸರು ಬರೆದಿದ್ದೇವೆ. ಕಿಟಕಿಯಾಚೆ ಕೂತ ಗುಮಾಸ್ತ 'ಯಾಕಪಾ, ನಿಮ್ಮಪ್ಪಗ ಹೆಸರಿಲ್ಲೇನು?' ಅಂದಾಗ ಸಾಲಿನಲ್ಲಿದ್ದವರು ನಕ್ಕಿದ್ದಾರೆ. ಜೊತೆಗೆ ಬಂದ ಅವ್ವ ನೆಲ ನೋಡಿದ್ದಾಳೆ.

ಕಾನೂನಿನ ಆಳ್ವಿಕೆ ಅಂತ ಭಾಷಣ ಬಿಗಿಯುವವರನ್ನು ಕೇಳುತ್ತೇವೆ: ಕಾನೂನು ಯಾರನ್ನು ಆಳಿತು? ನಮ್ಮ ತಾಲೂಕುಗಳು ಮುಂಬಯಿ ಪ್ರಾಂತ್ಯದಲ್ಲಿದ್ದಾಗಲೇ, 1934ರಲ್ಲೇ, ಮುತ್ತು ಕಟ್ಟುವುದು ಅಪರಾಧವಾಯಿತು. (ಮೂಡಲಗಿ ಆಗ ಗೋಕಾಕ ತಾಲೂಕಿನೊಳಗೇ ಇತ್ತು.) 1982ರಲ್ಲಿ ಕರ್ನಾಟಕ ಮತ್ತೊಂದು ಕಾಯ್ದೆ ಮಾಡಿತು. ಓದಿ ನೋಡಿ. ಮುತ್ತು ಕಟ್ಟಿದ ಪೂಜಾರಿಗೆ ಹೆಚ್ಚೆಂದರೆ 3 ವರ್ಷ. ಹೆತ್ತವರಿಗೆ ಕಡಿಮೆಯೆಂದರೆ 2, ಹೆಚ್ಚೆಂದರೆ 5 ವರ್ಷ! ಕತ್ತಲಾದ ಮೇಲೆ ಕೇರಿಗೆ ಬಂದು ಬೆಳಗಾಗೋದರೊಳಗೆ ವಾಡೆ ಸೇರುವ ಧಣಿ ಹುಟ್ಟಿದ ಕೂಸಿಗೆ ಏನು ಕೊಡಬೇಕು? ಅದರ ಮಾತೇ ಇಲ್ಲ. ಕಾಯ್ದೆ ಬಂದ ಮೇಲೆ ಸರ್ಕಾರವೇ ಎರಡು ಸಮೀಕ್ಷೆಗಳಲ್ಲಿ ಎಣಿಸಿದ ದೇವದಾಸಿಯರು 46,660.

ಯುರೋಪು ಸ್ವರ್ಗ ಅಂತ ನಾವೇನೂ ಹೇಳುವುದಿಲ್ಲ. ಬೆಲ್ಜಿಯಂನಲ್ಲಿ ಮದುವೆಯಾಗದ ತಾಯಿ ಹೆತ್ತ ಕೂಸು ಹೆತ್ತ ಮಾತ್ರಕ್ಕೆ ಕಾನೂನಿನ ಪ್ರಕಾರ ಅವಳದಾಗುತ್ತಿರಲಿಲ್ಲ. ಇದು ನನ್ನ ಮಗು ಅಂತ ಅವಳು ಹೋಗಿ ಬರೆಸಬೇಕಿತ್ತು. ಒಬ್ಬ ತಾಯಿ ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಾಲಯದ ತನಕ ಹೋದಳು, 1979ರಲ್ಲಿ ಗೆದ್ದಳು. ದೇಶ ಕಾಯ್ದೆ ತಿದ್ದಿದ್ದು 1987ರಲ್ಲಿ. ಬಿಳಿಯರ ಸರ್ಕಾರವೂ ತಾನಾಗಿ ತಿದ್ದಲಿಲ್ಲ. ತಾಯಿ ಬೆನ್ನು ಹತ್ತಿದ್ದಕ್ಕೆ ತಿದ್ದಿತು.

ನಮ್ಮಲ್ಲೂ ಬೆನ್ನು ಹತ್ತಿದವರು ಅವ್ವಂದಿರೇ. ಘಟಪ್ರಭಾದಲ್ಲಿ ಮಾಜಿ ದೇವದಾಸಿಯರೇ 1997ರಲ್ಲಿ 'ಮಾಸ್' ಸಂಘಟನೆ ಕಟ್ಟಿ ಊರೂರು ಅಲೆದು ಮುತ್ತು ಕಟ್ಟೋದನ್ನ ತಡೆದರು. ಅಕ್ಷರ ಕಲಿತ ನಾವೇನು ಮಾಡುತ್ತಿದ್ದೆವು? ಅವ್ವ ಯಾರಂತ ರೂಮಿನ ಗೆಳೆಯನಿಗೂ ಹೇಳದೆ ಮುಚ್ಚಿಡುತ್ತಿದ್ದೆವು.

2025ರ ಆಗಸ್ಟಿನಲ್ಲಿ ವಿಧಾನಮಂಡಲ ಹೊಸ ವಿಧೇಯಕ ಒಪ್ಪಿತು. ದೇವದಾಸಿಯ ಮಕ್ಕಳು ಅರ್ಜಿಯಲ್ಲಿ ತಂದೆಯ ಹೆಸರು ಬರೆಯಲೇಬೇಕೆಂದಿಲ್ಲ. ಬೇಕೆಂದರೆ ಅಪ್ಪ ಯಾರೆಂದು ಗೊತ್ತುಮಾಡಿಸಿಕೊಳ್ಳುವ ಹಕ್ಕೂ ಉಂಟು, ಡಿಎನ್‌ಎ ಪರೀಕ್ಷೆ ಸಮೇತ. ವಾಡೆಗಳಲ್ಲಿ ಈಗ ನಿದ್ದೆ ಕೆಡಬೇಕು. ಕೆಡುತ್ತದೋ? ಬೆಂಗಳೂರಿನ ಆ ಹಾಳೆ ಗುಮಾಸ್ತನ ಮೇಜಿಗೆ ತಾನಾಗಿ ನಡೆದು ಬರೋದಿಲ್ಲ. ಜೂನಿನಲ್ಲಿ ಹೊಸ ಹುಡುಗರು ಅರ್ಜಿ ಹಿಡಿದು ಬಂದಾಗ ಹಳಬರಾದ ನಾವು ಮೂರೂ ತಾಲೂಕಿನ ಕಿಟಕಿಗಳ ಮುಂದೆ ಅದರ ಪ್ರತಿ ಹಿಡಿದು ನಿಲ್ಲೋಣ. 'ಅವ್ವನ ಹೆಸರು ಬರದೇವ್ರಿ, ತಗೋರಿ' ಅನ್ನೋಣ.