ಸದ್ದು ಹೆಚ್ಚಿದರೆ ಶಕ್ತಿ ಹೆಚ್ಚೀತೇ?

ರಾತ್ರಿ ಹತ್ತರ ನಂತರ ಗೋವಿಂದರಾಜನಗರದ ನಮ್ಮ ಅಡ್ಡರಸ್ತೆಯಲ್ಲಿ ಮಲಗಿದವರನ್ನು ಎಬ್ಬಿಸಲು ಅಲಾರಾಂ ಬೇಕಿಲ್ಲ. ಮಾಗಡಿ ರಸ್ತೆಯಿಂದ ಒಳಗೆ ತಿರುಗುವ ಒಂದು ಬೈಕ್ ಸಾಕು. ಹೋದ ವರ್ಷದವರೆಗೆ ಅಂಥ ಬೈಕುಗಳಲ್ಲಿ ನನ್ನದೂ ಒಂದಾಗಿತ್ತು.

ನನ್ನ ತಲೆ ಕೆಡಿಸಿದ್ದು ಮಜ್ದಾ ಆರ್‌ಎಕ್ಸ್–7 ಕಾರಿನ ವಿಡಿಯೊಗಳು. ಸೈಲೆನ್ಸರ್ ಬಾಯಿಂದ ಬೆಂಕಿ, ಕಿವಿ ಕಿತ್ತುಹೋಗುವಂಥ ಸದ್ದು. ‘ಬ್ಯಾಕ್ ಪ್ರೆಶರ್ ತೆಗೆದರೆ ಪವರ್ ಬರುತ್ತೆ’ ಎಂದು ಗೆಳೆಯರೂ ಹೇಳಿದರು. ಮೆಕ್ಯಾನಿಕಲ್ ಓದುತ್ತಿದ್ದ ನಾನೂ ನಂಬಿ, ಕಂಪನಿ ಕೊಟ್ಟ ಸೈಲೆನ್ಸರ್ ಕಿತ್ತು ತೆರೆದ ಕೊಳವೆ ಹಾಕಿಸಿದೆ.

ಆ ಕಾರಿನ ಮಟ್ಟಿಗೆ ಆ ಮಾತು ಸುಳ್ಳಲ್ಲ. ಅದರದ್ದು ರೋಟರಿ ಎಂಜಿನ್. ಪಿಸ್ಟನ್ ಬದಲು ತ್ರಿಕೋನದಂಥ ರೋಟರ್ ಸುತ್ತುತ್ತದೆ. ಹೊಗೆ ಹೊರಹೋಗಲು ವಾಲ್ವ್ ಇಲ್ಲ, ಗೋಡೆಯಲ್ಲೊಂದು ಕಿಂಡಿ ಅಷ್ಟೇ. ದಾರಿ ಕಟ್ಟಿದರೆ ಸುಟ್ಟ ಅನಿಲ ಒಳಗೇ ಉಳಿದು ಹೊಸ ಮಿಶ್ರಣವನ್ನು ಕೆಡಿಸುತ್ತದೆ. ಇಂಥ ಎಂಜಿನ್‌ನಿಂದಲೇ ಮಜ್ದಾ 1991ರ ಲೆ ಮಾನ್ಸ್ 24 ಗಂಟೆಗಳ ರೇಸ್ ಗೆದ್ದಿತು.

ನಮ್ಮೂರಿನ ‘ಆರ್‌ಎಕ್ಸ್’ ಬೇರೆ. ಅದು 1985ರಿಂದ 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100. ಇಂಥ ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಹೊಸ ಪೆಟ್ರೋಲ್ ಮಿಶ್ರಣವೂ ಹೊಗೆಯ ಜೊತೆ ಜಾರಿಹೋಗುತ್ತದೆ. ಉಬ್ಬಿ ಕಿರಿದಾಗುವ ಸೈಲೆನ್ಸರ್‌ನಿಂದ ಮರಳುವ ಒತ್ತಡದ ಅಲೆ ಅದನ್ನು ಒಳಕ್ಕೆ ತಳ್ಳುತ್ತದೆ. ಹೀಗಾಗಿ ಅದನ್ನು ಕತ್ತರಿಸಿದರೆ ಪಿಕಪ್ಪೇ ಹೋಗುತ್ತದೆ.

ನನ್ನದು ಈಗಿನ ಫೋರ್ ಸ್ಟ್ರೋಕ್ ಬೈಕ್. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್–6 ನಿಯಮದ ವಾಹನ. ಹೊಗೆ ಕೊಳವೆಯಲ್ಲೇ ವಿಷಾನಿಲ ತಗ್ಗಿಸುವ ಕೆಟಲಿಟಿಕ್ ಕನ್ವರ್ಟರ್, ಪೆಟ್ರೋಲ್ ಪ್ರಮಾಣ ಸರಿಪಡಿಸಲು ಆಕ್ಸಿಜನ್ ಸೆನ್ಸರ್ ಇರುತ್ತವೆ. ಇಲ್ಲಿ ಬೇಕಾದದ್ದು ಒತ್ತಡವಲ್ಲ, ಅನಿಲದ ವೇಗ. ಹದವಾದ ಕೊಳವೆಯಲ್ಲಿ ವೇಗವಾಗಿ ಹೋಗುವ ಹೊಗೆ ಹಿಂದಿನದನ್ನೂ ಎಳೆದುಕೊಂಡು ಹೋಗುತ್ತದೆ. ಕೊಳವೆ ಅಗಲವಾದರೆ ಆ ಎಳೆತ ಸಡಿಲ. ಮಾಗಡಿ ರಸ್ತೆಯ ಸಿಗ್ನಲ್‌ಗಳಲ್ಲಿ ನನ್ನ ಬೈಕ್ ಗರ್ಜಿಸುತ್ತಿತ್ತು, ಮುಂದೆ ಮಾತ್ರ ಹೋಗುತ್ತಿರಲಿಲ್ಲ!

ಕಾನೂನು ಸ್ಪಷ್ಟವಾಗಿದೆ. ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಪ್ರಕಾರ ಶಬ್ದ, ಮಾಲಿನ್ಯದ ಮಾನದಂಡ ಮೀರಿದರೆ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ. ವಶಪಡಿಸಿಕೊಂಡ ಸೈಲೆನ್ಸರ್‌ಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸುವ ಚಿತ್ರಗಳನ್ನೂ ಪತ್ರಿಕೆಗಳಲ್ಲಿ ನೋಡಿದ್ದೇವೆ.

ಆದರೆ ರೋಲರ್ ಹರಿಯುವುದು ಕೊಂಡವನ ಸೈಲೆನ್ಸರ್ ಮೇಲೆ. ಅದನ್ನು ಮಾರಿದ, ಅರ್ಧ ಗಂಟೆಯಲ್ಲಿ ಕೂರಿಸಿಕೊಟ್ಟ ಅಂಗಡಿಯ ಬಾಗಿಲು ಮರುದಿನವೂ ತೆರೆದಿರುತ್ತದೆ. ವಾಯುಮಾಲಿನ್ಯ ತಪಾಸಣೆ ಕೇಂದ್ರಗಳಲ್ಲಿ ಹೊಗೆ ಅಳೆಯುತ್ತಾರೆ, ಸದ್ದು ಅಳೆಯುವುದಿಲ್ಲ. ಪ್ರಮಾಣಪತ್ರ ಕೊಡುವ ಮುನ್ನ ಸದ್ದನ್ನೂ ಅಳೆದರೆ, ಮಾರುವವರನ್ನೂ ಹೊಣೆ ಮಾಡಿದರೆ ಅರ್ಧ ಸಮಸ್ಯೆ ತಗ್ಗೀತು. ಉಳಿದರ್ಧ ನಮ್ಮ ಕೈಯಲ್ಲಿದೆ.

ನನ್ನನ್ನು ಯಾವ ಪೊಲೀಸರೂ ಹಿಡಿಯಲಿಲ್ಲ. ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಬಂದ ಅಜ್ಜ ಒಂದು ರಾತ್ರಿ ಹೇಳಿದರು: ‘ನಿನ್ನ ಗಾಡಿ ರಸ್ತೆಗೆ ತಿರುಗಿದ್ದು ನನ್ನ ಕಿವಿಗಿಂತ ಮೊದಲು ಎದೆಗೆ ಗೊತ್ತಾಗುತ್ತೆ ಕಣೋ.’ ಮರುದಿನವೇ ಅಟ್ಟದ ಮೇಲಿದ್ದ ಹಳೆಯ ಸೈಲೆನ್ಸರ್ ಇಳಿಸಿದೆ. ಈಗ ನಾನು ಮನೆಗೆ ಬಂದದ್ದು ಗೇಟು ಕಿರುಗುಟ್ಟಿದಾಗಲೇ ಅವರಿಗೆ ತಿಳಿಯುವುದು.