ಮೂಗಿನ ಮುನ್ಸೂಚನೆ: ನಾಲ್ಕು ದಶಕಗಳ ಲೆಕ್ಕ

1984ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಡೋಟಿ ಮತ್ತು ಸಂಗಡಿಗರು ವಾಸನೆ ಪರೀಕ್ಷೆಗೆಂದು ಪುಸ್ತಿಕೆಗಳನ್ನು ಹೊರತಂದರು. ಪುಟದ ಮೇಲಿನ ಕಂದು ಪಟ್ಟಿಯನ್ನು ಪೆನ್ಸಿಲ್ ತುದಿಯಿಂದ ಕೆರೆದರೆ ವಾಸನೆ ಏಳುತ್ತದೆ. ಕೊಟ್ಟ ನಾಲ್ಕು ಹೆಸರುಗಳಲ್ಲಿ ಸರಿಯಾದುದಕ್ಕೆ ಗುರುತು ಹಾಕಬೇಕು. ಹೀಗೆ ಒಟ್ಟು 40 ವಾಸನೆಗಳು. ಅಂದಿನಿಂದ ಇಂದಿನವರೆಗೆ ಮೂಗಿನ ಪರೀಕ್ಷೆಯಿಂದ ಮರೆವಿನ ಕಾಯಿಲೆಯಾದ ಡಿಮೆನ್ಶಿಯಾ ಬಗ್ಗೆ ನಾವು ಕಲಿತದ್ದೇನು?

ಗಳಿಕೆ ಸಣ್ಣದಲ್ಲ. ಅಲ್ಝೈಮರ್ಸ್ ಕಾಯಿಲೆಯಲ್ಲಿ ಟೌ ಪ್ರೋಟೀನಿನ ಗಂಟುಗಳು ಮೊದಮೊದಲು ಕಾಣಿಸಿಕೊಳ್ಳುವ ಜಾಗಗಳಲ್ಲಿ ಮಿದುಳಿನ ಎಂಟೊರೈನಲ್ ಕಾರ್ಟೆಕ್ಸ್ ಮುಖ್ಯವಾದುದು. ನೆನಪಿನ ಕೆಲಸಕ್ಕೆ ಬೇಕೇಬೇಕಾದ ಈ ಭಾಗಕ್ಕೆ ಮೂಗಿನ ಸಂದೇಶಗಳೂ ಬಂದು ಸೇರುತ್ತವೆ. ಹಾಗಾಗಿ ಹೆಸರು, ದಾರಿ ಮರೆಯುವ ಮೊದಲೇ ವಾಸನೆಯ ಗುರುತು ತಪ್ಪುವುದುಂಟು. 2017ರಲ್ಲಿ ಷಿಕಾಗೊದ ಜಯಂತ್ ಪಿಂಟೊ ತಂಡ ಪ್ರಕಟಿಸಿದ ಅಧ್ಯಯನದಲ್ಲಿ 57ರಿಂದ 85 ವಯಸ್ಸಿನ ಸುಮಾರು 3,000 ಮಂದಿ ಪುದೀನ, ಮೀನು, ಕಿತ್ತಳೆ, ಗುಲಾಬಿ, ಚರ್ಮ ಈ ಐದು ವಾಸನೆಗಳನ್ನು ಮೂಸಿ ನೋಡಿದ್ದರು. ನಾಲ್ಕನ್ನಾದರೂ ಗುರುತಿಸಲಾಗದವರಲ್ಲಿ ಐದು ವರ್ಷದೊಳಗೆ ಡಿಮೆನ್ಶಿಯಾ ಬರುವ ಸಾಧ್ಯತೆ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚಿತ್ತು.

ಆದರೆ ಅವಸರಪಟ್ಟಲ್ಲೆಲ್ಲ ಎಡವಿದ್ದೂ ಇದೆ. ಎಡ ಹೊಳ್ಳೆಗೆ ಕಡಲೆಕಾಯಿ ಬೆಣ್ಣೆಯ ವಾಸನೆ ಹತ್ತದಿದ್ದರೆ ಅಲ್ಝೈಮರ್ಸ್ ಎಂದು 2013ರಲ್ಲಿ ದೊಡ್ಡ ಸುದ್ದಿಯಾಯಿತು; ಮರುವರ್ಷ ಡೋಟಿ ತಂಡ ಪರೀಕ್ಷಿಸಿದಾಗ ಎಡ-ಬಲದ ಆ ವ್ಯತ್ಯಾಸ ಸಿಗಲಿಲ್ಲ. ನೆಗಡಿ, ಸೈನಸ್, ಧೂಮಪಾನ, ತಲೆಗೆ ಬಿದ್ದ ಪೆಟ್ಟು, ಪಾರ್ಕಿನ್ಸನ್, ಕೊನೆಗೆ ಬರೀ ವಯಸ್ಸು ಕೂಡ ವಾಸನೆಯನ್ನು ಕಸಿಯುತ್ತವೆ. ಕೋವಿಡ್ ಅಂತೂ ಎಳೆಯರ ಮೂಗನ್ನೂ ಬಿಡಲಿಲ್ಲ. ವಾಸನೆ ಹತ್ತದವರೆಲ್ಲ ಮರೆವಿನ ದಾರಿ ಹಿಡಿದವರಲ್ಲ. ಈ ಮಾತನ್ನು ಒತ್ತಿ ಹೇಳದೆ ಪರೀಕ್ಷೆ ಮಾಡಿದರೆ ಸಿಗುವುದು ಎಚ್ಚರಿಕೆಯಲ್ಲ, ಭಯ.

ಇನ್ನೊಂದು ಕೊರತೆ ನಮಗೇ ಸಂಬಂಧಿಸಿದ್ದು. ಡೋಟಿಯವರ 40ರಲ್ಲಿ ರೂಟ್ ಬಿಯರ್, ಪಿಜ್ಜಾ, ವಿಂಟರ್‌ಗ್ರೀನ್ ಇವೆ. ಹುಟ್ಟಿದಾಗಿನಿಂದ ಮೂಸಿಯೇ ಇಲ್ಲದ ವಾಸನೆಯನ್ನು ಕೋಲಾರದ ಅಜ್ಜಿ ಗುರುತಿಸದಿದ್ದರೆ ತಪ್ಪು ಅಜ್ಜಿಯದಲ್ಲ. ಇಂಗು, ಏಲಕ್ಕಿ, ಮಲ್ಲಿಗೆ, ಕಾಫಿ ಪುಡಿ ಮುಂದಿಟ್ಟು ಕೇಳಬೇಕು. ಅಕ್ಷರ ಬಾರದವರಿಗೆ ಚಿತ್ರ ತೋರಿಸಿ ಕೇಳಬೇಕು.

ದೇಶದಲ್ಲಿ 60 ದಾಟಿದವರ ಪೈಕಿ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು. ಎಲ್ಲರಿಗೂ ಮಿದುಳಿನ ಪೆಟ್ ಸ್ಕ್ಯಾನ್ ಮಾಡಿಸುವುದು ಆಗದ ಮಾತು. ವಾಸನೆ ಪರೀಕ್ಷೆಗೆ ಖರ್ಚು ಕಡಿಮೆ, ನೋವಿಲ್ಲ, ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ಮಾಡಬಹುದು. ಅದು ತೀರ್ಪಾಗಬಾರದು, ಯಾರನ್ನು ಮುಂದಿನ ತಪಾಸಣೆಗೆ ಕಳಿಸಬೇಕೆಂದು ತಿಳಿಸುವ ಮೊದಲ ಜರಡಿಯಾಗಬೇಕು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರ ಮಿದುಳಿನ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ನಮ್ಮಲ್ಲೇ ನಡೆದಿದೆ. ನಮ್ಮ ವಾಸನೆಗಳ ಪರೀಕ್ಷೆಯೊಂದನ್ನು ಅಂಥ ಕಡೆ ಒರೆಗೆ ಹಚ್ಚಲು ಸರ್ಕಾರ ಹಣ ಕೊಡಬೇಕು. ಮುಂದಿನ ದಶಕದ ಲೆಕ್ಕದಲ್ಲಿ ನಮ್ಮ ಹಿರಿಯರೂ ಸೇರಬೇಕಾದರೆ ಕೆಲಸ ಈಗಲೇ ಶುರುವಾಗಬೇಕು.