ದೂರಸಂಪರ್ಕದ ಮೂಲಕ ವ್ಯಸನ ಚಿಕಿತ್ಸೆ: ಕರ್ನಾಟಕ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ, ಬೆಂಗಳೂರು.

ವಿಷಯ: ಮದ್ಯ ಮತ್ತು ಮಾದಕ ವ್ಯಸನಿಗಳಿಗೆ ತಾಲ್ಲೂಕು ಆಸ್ಪತ್ರೆಗಳ ಮೂಲಕ ದೂರವಾಣಿ ಹಾಗೂ ವೀಡಿಯೊ ಚಿಕಿತ್ಸಾ ವ್ಯವಸ್ಥೆ ಕಲ್ಪಿಸುವ ಕುರಿತು.

ಮಾನ್ಯರೇ,

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿರುವುದರಿಂದ, ಅದರ 18ನೇ ಕಲಮು ನೀಡುವ ಚಿಕಿತ್ಸೆಯ ಹಕ್ಕು ಕುಡಿತದ ಚಟಕ್ಕೆ ಸಿಕ್ಕಿದವರಿಗೂ ಸಲ್ಲುತ್ತದೆ. ಆದರೆ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಮದ್ಯಕ್ಕೆ ಅವಲಂಬಿತರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿದ್ದು, ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿದ ರಾಜ್ಯವೇ 2025–26ರ ಆಯವ್ಯಯದಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿಯ ಗುರಿ ಇಟ್ಟುಕೊಂಡಿರುವಾಗ, ಆ ಆದಾಯದ ಹಿಂದಿರುವ ಕಾಯಿಲೆಯ ಹೊಣೆಯನ್ನು ಕುಟುಂಬಗಳ ಮೇಲಷ್ಟೇ ಬಿಡುವುದು ನ್ಯಾಯವಲ್ಲ ಎಂಬುದು ಮನವಿದಾರರ ಸ್ಪಷ್ಟ ನಿಲುವು.

ಈ ಕೊರತೆಗೆ ವೈದ್ಯರ ಅಭಾವವೊಂದೇ ಕಾರಣವಲ್ಲ, ಕಾಯಿಲೆಯ ಸ್ವರೂಪವೂ ಕಾರಣ. ವ್ಯಸನದ ಚಿಕಿತ್ಸೆಗೆ ಎರಡು ಹಂತಗಳಿವೆ. ಕುಡಿತ ನಿಲ್ಲಿಸಿದ ಕೂಡಲೇ ಕೈನಡುಕ, ಬೆವರು, ನಿದ್ರಾಹೀನತೆ, ಕೆಲವರಲ್ಲಿ ಫಿಟ್ಸ್ ಮತ್ತು ಸನ್ನಿಯವರೆಗೆ ಹೋಗುವ ತೊಂದರೆಗಳನ್ನು ಹಿಂತೆಗೆತದ ಲಕ್ಷಣಗಳೆಂದು ಕರೆಯುತ್ತಾರೆ. ಇವು ಬಹುಮಟ್ಟಿಗೆ ಒಂದು ವಾರದೊಳಗೆ ಇಳಿಯುತ್ತವೆ. ಅನಂತರದ ತಿಂಗಳುಗಳಲ್ಲಿ ಮತ್ತೆ ಕುಡಿತಕ್ಕೆ ಬೀಳದಂತೆ, ಅಂದರೆ ಮರುಕಳಿಕೆಯಾಗದಂತೆ, ಔಷಧ ಮತ್ತು ಆಪ್ತಸಮಾಲೋಚನೆಗಳಿಂದ ಕಾಯುವುದು ಎರಡನೆಯ ಹಂತ. ಆಸ್ಪತ್ರೆಯ ವಾರ್ಡಾಗಲಿ, ಮದ್ಯವರ್ಜನ ಶಿಬಿರಗಳಾಗಲಿ ಮೊದಲ ಹಂತವನ್ನು ದಾಟಿಸಬಲ್ಲವು. ಎರಡನೆಯದರಲ್ಲಿ ರೋಗಿ ಬಹುತೇಕ ಒಂಟಿ. ಬೀದರ್ ಜಿಲ್ಲೆಯ ಔರಾದಿನ ಕೂಲಿಕಾರ್ಮಿಕನೊಬ್ಬ ಪ್ರತಿ ಹದಿನೈದು ದಿನಕ್ಕೊಮ್ಮೆ ದಿನಗೂಲಿ ಕಳೆದುಕೊಂಡು, ಬಸ್ಸಿನ ಖರ್ಚು ಭರಿಸಿ ಧಾರವಾಡದ ಡಿಮ್ಹಾನ್ಸ್‌ಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಬರಬೇಕೆಂದು ನಿರೀಕ್ಷಿಸುವುದು ಅವನನ್ನು ಚಿಕಿತ್ಸೆಯಿಂದ ಹೊರಗಿಟ್ಟಂತೆಯೇ ಸರಿ.

ದೂರದಿಂದ ನೆರವಾಗುವ ಏರ್ಪಾಡುಗಳು ಇಲ್ಲವೆಂದಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416, ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ದೂರದಿಂದಲೇ ವೈದ್ಯರ ಸಲಹೆ ಒದಗಿಸುವ ಇ-ಸಂಜೀವಿನಿ, ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ಮನೋಚೈತನ್ಯ ಕಾರ್ಯಕ್ರಮ, ಇವೆಲ್ಲವೂ ಬೇರೆ ಬೇರೆಯಾಗಿ ಉಪಯುಕ್ತವಾಗಿವೆ. ಕೊರತೆಯಿರುವುದು ಇವುಗಳ ನಡುವಣ ಕೊಂಡಿಯಲ್ಲಿ. ಸಹಾಯವಾಣಿಗೆ ಕರೆ ಮಾಡಿದವನಿಗೆ ಸಾಂತ್ವನ ಮತ್ತು ವಿಳಾಸ ಸಿಕ್ಕಿದರೂ, ಅದೇ ವಾರ ಹತ್ತಿರದ ಆಸ್ಪತ್ರೆಯಲ್ಲಿ ಮಾತ್ರೆ ಸಿಕ್ಕಿತೇ, ಆತ ಎರಡನೆಯ ಬಾರಿ ಬಂದನೇ ಎಂದು ವಿಚಾರಿಸುವ ಹೊಣೆ ಯಾರಿಗೂ ನಿಗದಿಯಾಗಿಲ್ಲ. ಆದ್ದರಿಂದ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ವ್ಯಸನ ಚಿಕಿತ್ಸೆಯ ಅನುಸರಣೆಗೆ ಒಬ್ಬ ಸಿಬ್ಬಂದಿಯನ್ನು ಗೊತ್ತುಮಾಡಿ, ಬಿಡುಗಡೆಯಾದ ರೋಗಿಗೆ ಕನಿಷ್ಠ ಒಂದು ವರ್ಷ ನಿಗದಿತ ದಿನಗಳಲ್ಲಿ ಆಸ್ಪತ್ರೆಯ ಕಡೆಯಿಂದಲೇ ಕರೆ ಹೋಗುವಂತೆ ಮಾಡಬೇಕೆಂಬುದು ಈ ಮನವಿಯ ಮೊದಲ ಬೇಡಿಕೆ. ಏಕೆಂದರೆ ಮತ್ತೆ ಕುಡಿದವನು ನಾಚಿಕೆಯಿಂದಾಗಿ, ತಾನಾಗಿ ಫೋನ್ ಮಾಡುವುದು ಅಪರೂಪ.

ಎರಡನೆಯ ಬೇಡಿಕೆ ಔಷಧಕ್ಕೆ ಸಂಬಂಧಿಸಿದ್ದು. ಇದನ್ನು ತುಸು ವಿವರವಾಗಿ ಹೇಳಬೇಕಾಗಿದೆ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯು 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿರುವ ಮಾದಕ ಹಾಗೂ ಮನೋಪರಿಣಾಮಿ ವಸ್ತುಗಳನ್ನು ದೂರದಿಂದ ಬರೆದುಕೊಡುವುದನ್ನು ನಿಷೇಧಿಸುತ್ತದೆ. ಮರುಕಳಿಕೆ ತಡೆಯಲು ಬಳಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ಗಳು ಈ ನಿಷೇಧದಲ್ಲಿ ಬರುವುದಿಲ್ಲ. ಆದರೆ ಹಿಂತೆಗೆತದ ಫಿಟ್ಸ್ ತಡೆಯುವ ಡಯಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್‌ಗಳೂ, ಹೆರಾಯಿನ್‌ನಂತಹ ಓಪಿಯಾಯ್ಡ್‌ಗಳ ಚಟಕ್ಕೆ ಕೊಡುವ ಬ್ಯುಪ್ರಿನಾರ್ಫಿನ್ ಕೂಡ ಬರುತ್ತವೆ. ಹಾಗೆಂದು ದಾರಿ ಮುಚ್ಚಿಲ್ಲ. ಒಬ್ಬ ವೈದ್ಯರು ಇನ್ನೊಬ್ಬ ವೈದ್ಯರಿಂದ ದೂರದ ಸಲಹೆ ಪಡೆಯುವುದನ್ನು ಅದೇ ಮಾರ್ಗಸೂಚಿ ಒಪ್ಪುತ್ತದೆ. ಸಲಹೆ ಕೇಳಿದವರೇ ಚಿಕಿತ್ಸೆ ನೀಡುವ ವೈದ್ಯರಾಗಿ ಉಳಿಯುತ್ತಾರೆ. ಅಂದರೆ ರೋಗಿಯನ್ನು ಕಣ್ಣೆದುರು ಪರೀಕ್ಷಿಸಿದ ತಾಲ್ಲೂಕಿನ ವೈದ್ಯಾಧಿಕಾರಿ, ಪರದೆಯ ಮೇಲಿರುವ ಮನೋವೈದ್ಯರ ಸಲಹೆಯಂತೆ ತಾವೇ ಚೀಟಿ ಬರೆದರೆ ನಿಯಮ ಭಂಗವಾಗುವುದಿಲ್ಲ. ಇದಕ್ಕೆ ಕಾನೂನು ತಿದ್ದುಪಡಿ ಬೇಕಿಲ್ಲ. ಬೇಕಾಗಿರುವುದು ವೈದ್ಯಾಧಿಕಾರಿಗಳ ಅಳುಕು ಕಳೆಯುವ ಲಿಖಿತ ಸುತ್ತೋಲೆ, ಮನೋವೈದ್ಯರು ಲಭ್ಯರಿರುವ ವೇಳಾಪಟ್ಟಿ ಮತ್ತು ಔಷಧದ ದಾಸ್ತಾನು.

ಬ್ಯುಪ್ರಿನಾರ್ಫಿನ್‌ನ ಮಾತು ಬೇರೆ. ದುರುಪಯೋಗದ ಭಯದಿಂದ ಅದರ ಸರಬರಾಜನ್ನು ಬಿಗಿಯಾಗಿ ನಿಯಂತ್ರಿಸಲಾಗಿದೆ, ಆ ಭಯಕ್ಕೆ ಆಧಾರವೂ ಇದೆ. ಆದರೂ ನಿತ್ಯದ ಮಾತ್ರೆಗಾಗಿ ದೂರದ ಊರಿಗೆ ಅಲೆಯಬೇಕಾದವನು ಬೀದಿಯ ಹೆರಾಯಿನ್‌ಗೆ ಮರಳುವ ಅಪಾಯವನ್ನೂ ತೂಗಿ ನೋಡಬೇಕಾಗುತ್ತದೆ. ಅಮೆರಿಕವು 2020ರ ಮಾರ್ಚ್‌ನಿಂದ ಈ ಔಷಧವನ್ನು ದೂರಸಂಪರ್ಕದ ಮೂಲಕವೇ ಆರಂಭಿಸಲು ಅವಕಾಶ ನೀಡಿದೆ. ಮನವಿದಾರರು ಅಷ್ಟು ದೂರ ಹೋಗುವುದಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ಮುಖತಃ ಪರೀಕ್ಷಿಸಿ ಆರಂಭಿಸಿದ ಚಿಕಿತ್ಸೆಯನ್ನು ವೀಡಿಯೊ ಭೇಟಿಯ ಮೂಲಕ ಮುಂದುವರಿಸಿ, ಮಾತ್ರೆಯನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ವಿತರಿಸಲು ಅನುಮತಿ ಕೋರಿ ರಾಜ್ಯವು ಕೇಂದ್ರಕ್ಕೆ ಪ್ರಸ್ತಾವ ಕಳುಹಿಸಬೇಕೆಂದಷ್ಟೇ ಕೋರುತ್ತಾರೆ.

ಮೂರನೆಯದು ಗೋಪ್ಯತೆ. ಮನೆಗೊಂದೇ ಸ್ಮಾರ್ಟ್‌ಫೋನ್ ಇದ್ದು ಅದು ಮಕ್ಕಳ ಕೈಯಲ್ಲಿರುವಾಗ, ಒಂದೇ ಕೋಣೆಯ ಮನೆಯಲ್ಲಿ ಕುಡಿತದ ಬಗ್ಗೆ ಬಾಯಿಬಿಟ್ಟು ಮಾತನಾಡಲಾಗದು. ಮಲೆನಾಡಿನ ಎಷ್ಟೋ ಊರುಗಳಲ್ಲಿ ವೀಡಿಯೊ ಕರೆ ನಿಲ್ಲುವಷ್ಟು ಸಿಗ್ನಲ್ಲೇ ಇರುವುದಿಲ್ಲ. ಹಾಗಾಗಿ ಉಪಕೇಂದ್ರಗಳಲ್ಲಿ ಬಾಗಿಲು ಮುಚ್ಚಬಹುದಾದ ಕೋಣೆ, ಇಂಟರ್ನೆಟ್ ಸಂಪರ್ಕ ಮತ್ತು ಸಮುದಾಯ ಆರೋಗ್ಯ ಅಧಿಕಾರಿಯ ನೆರವು ಒದಗಿಸಬೇಕು. ಗಾಂಜಾ, ಹೆರಾಯಿನ್‌ಗಳ ಚಟವಿರುವವರು ಪೊಲೀಸರ ಭಯದಿಂದ ಫೋನ್ ಮಾಡಲು ಹಿಂಜರಿಯುವುದರಿಂದ, ಸ್ವಯಿಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ ಷರತ್ತುಬದ್ಧ ರಕ್ಷಣೆ ಕೊಡುವ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮನ್ನು ಸರಳ ಕನ್ನಡದಲ್ಲಿ ಪ್ರಚಾರ ಮಾಡಬೇಕು. ಗುಟ್ಟಾಗಿ ಚಿಕಿತ್ಸೆ ಬಯಸುವ ಕುಟುಂಬಗಳನ್ನು ಸೆಳೆಯುವ, ಕುಡುಕನಿಗೆ ತಿಳಿಯದಂತೆ ಊಟದಲ್ಲಿ ಬೆರೆಸುವ ಪುಡಿಯ ಜಾಹೀರಾತುಗಳ ಮೇಲೂ ಕ್ರಮ ಜರುಗಿಸಬೇಕು. ಅಂಥ ಪುಡಿಯಲ್ಲಿ ಡೈಸಲ್ಫಿರಾಮ್ ಎಂಬ ಔಷಧವೇನಾದರೂ ಇದ್ದು, ಅದರ ಮೇಲೆ ಮದ್ಯ ಸೇವಿಸಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು.

ದೂರಚಿಕಿತ್ಸೆ ಎಲ್ಲರಿಗೂ ಹೊಂದುವುದಿಲ್ಲವೆಂಬುದನ್ನು ಮನವಿದಾರರು ಒಪ್ಪುತ್ತಾರೆ. ಹಿಂದೆ ಫಿಟ್ಸ್ ಅಥವಾ ಸನ್ನಿ ಕಂಡವರು, ಗರ್ಭಿಣಿಯರು, ಯಕೃತ್ತಿನ ತೀವ್ರ ತೊಂದರೆ ಅಥವಾ ಆತ್ಮಹತ್ಯೆಯ ಯೋಚನೆ ಇರುವವರು ಮೊದಲ ದಿನಗಳನ್ನು ಆಸ್ಪತ್ರೆಯ ಹಾಸಿಗೆಯಲ್ಲೇ ಕಳೆಯಬೇಕು. ಅಂಥವರನ್ನು ಫೋನಿನಲ್ಲೇ ಗುರುತಿಸುವ ಪ್ರಶ್ನಾವಳಿಯನ್ನು ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದ ಸಹಾಯದಿಂದ ಕನ್ನಡದಲ್ಲಿ, ಗಡಿ ಜಿಲ್ಲೆಗಳಿಗೆ ತುಳು, ಉರ್ದು, ಮರಾಠಿ, ತೆಲುಗುಗಳಲ್ಲೂ ಸಿದ್ಧಪಡಿಸಬೇಕು.

ಈ ಮನವಿಯನ್ನು ಪ್ರಾಧಿಕಾರದ ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಿ, ಕನಿಷ್ಠ ಸುತ್ತೋಲೆ ಮತ್ತು ಅನುಸರಣಾ ಕರೆಗಳ ಬಗೆಗಾದರೂ ಕಾಲಮಿತಿಯೊಳಗೆ ಆದೇಶ ಹೊರಡಿಸಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸಲಾಗಿದೆ.

ಇಂತಿ,
ವ್ಯಸನಪೀಡಿತರ ಕುಟುಂಬಗಳ ಪರವಾಗಿ ಸಹಿ ಮಾಡಿರುವ ಮನವಿದಾರರು